ಹಿಂದಿನ ಚಕ್ರಕ್ಕೊಂದು ಎಣ್ಣೆಸ್ನಾನ

ಟಿಕಿಟಿಕಿಟಿಕಿಟಿಕಿ… ಟಿಕ್… ಟಿಕ್. ನಮ್ಮ ಮನೆಯವರು ಮಧ್ಯಾಹ್ನದ ಊಟಕ್ಕೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಸೈಕಲ್ಲಿನಲ್ಲಿ ಬರುವಾಗ, ಬೀದಿಯ ತಿರುವಿಗೆ ಬಂದ ಕೂಡಲೇ ಪೆಡಲ್ ತುಳಿಯುವುದನ್ನು ನಿಲ್ಲಿಸಿಬಿಡುತ್ತಿದ್ದರು. ಅಲ್ಲಿಂದ ನಮ್ಮ ಮನೆಯವರೆಗೆ ಸಣ್ಣ ಇಳಿಜಾರು. ಹಿಂದಿನ ಚಕ್ರ ತನ್ನಷ್ಟಕ್ಕೆ ಹಾಡಿಕೊಂಡು ಬರುತ್ತಿತ್ತು. ನಾನು ಓದಿದ ಬಳ್ಳಾರಿಯ ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಏಂಜೆಲಸ್ ಗಂಟೆ ಬಾರಿಸಿದರೆ ನಾವು ಇದ್ದಲ್ಲೇ ಎದ್ದು ನಿಲ್ಲುತ್ತಿದ್ದೆವಲ್ಲ, ಹಾಗೆ ನಾನು ಆ ಸದ್ದಿಗೆ ಎದ್ದು ತಟ್ಟೆ ಹಾಕುತ್ತಿದ್ದೆ. ಕೊನೆಯ ‘ಟಿಕ್’ ಹೊಸ್ತಿಲಿಗೆ ಬರುವಾಗ ಸಾರು ಬಿಸಿಯಾಗಿರಬೇಕು. ಆಮೇಲೆ ಅವರು ಹೋದರು, ಸೈಕಲ್ಲು ಗುಜರಿಗೆ ಹೋಯಿತು, ತಟ್ಟೆ ಹಾಕುವ ಕೆಲಸ ಸೊಸೆಗೆ ಹೋಯಿತು. ಬೀದಿಯಲ್ಲಿ ಬರೀ ಮೋಟಾರ್‌ಬೈಕುಗಳ ಗುಡುಗು. ಹೀಗಿರುವಾಗ ಒಂದು ಮಧ್ಯಾಹ್ನ ಅದೇ ತಿರುವಿನಿಂದ ಅದೇ ಸದ್ದು, ಆದರೆ ಜೇನುಹುಳುಗಳ ದಂಡೇ ಇಳಿದುಬಂದಷ್ಟು ಜೋರಾಗಿ, ಝರ್ರ್ರ್ ಎಂದು ಬಂತು. ನಿಮ್ಮಾಣೆ ಹೇಳುತ್ತೇನೆ, ನಾನು ಎದ್ದು ತಟ್ಟೆ ಹಾಕಿಬಿಟ್ಟೆ.

ಬಂದವಳು ಮೊಮ್ಮಗಳು ಸಿಂಚನ. ಪಿಯುಸಿ ಓದುವ ಹುಡುಗಿ. ಕೆಳಗೆ ದಪ್ಪ ಚಕ್ರಗಳ, ಮಡ್‌ಗಾರ್ಡಿಲ್ಲದ, ಕ್ಯಾರಿಯರ್ ಇಲ್ಲದ, ಗಂಟೆಯೂ ಇಲ್ಲದ ಒಂದು ಸೆಕೆಂಡ್‌ಹ್ಯಾಂಡ್ ಮೌಂಟನ್ ಬೈಕು. “ಯಾಕಜ್ಜಿ ತಟ್ಟೆ? ನಂದು ಊಟ ಆಗೈತೆ” ಅಂದಳು. “ನೆವರ್ ಮೈಂಡ್, ಇನ್ನೊಂದ್ಸಲ ಉಣ್ಣು” ಎಂದು ಕೂರಿಸಿ ಬಡಿಸಿದೆ. ವಯಸ್ಸಾದ ಮೇಲೆ ಮನುಷ್ಯರು ದೇವರ ಕಡೆ ತಿರುಗುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅವತ್ತಿನಿಂದ ಟೈರಿನ ಕಡೆ ತಿರುಗಿದೆ. ಬೆಳಗಿನ ಕಾಫಿಯ ಜೊತೆ ಇತರ ಮುದುಕಿಯರು ಮೊಬೈಲಿನಲ್ಲಿ ಸುಪ್ರಭಾತ ಹಾಕಿಕೊಂಡರೆ, ನಾನು ಯಾವನೋ ಗಡ್ಡದ ಬಿಳಿಯ ಹುಡುಗ ರೋಲಿಂಗ್ ರೆಸಿಸ್ಟೆನ್ಸ್, ಅಂದರೆ ನೆಲ ಟೈರನ್ನು ಎಷ್ಟು ಹಿಡಿದೆಳೆಯುತ್ತದೆ ಎನ್ನುವುದರ ಬಗ್ಗೆ ಪ್ರವಚನ ಮಾಡುವುದನ್ನು ಕೇಳುತ್ತೇನೆ. ಅವನ ಇಂಗ್ಲಿಷನ್ನು ನಮ್ಮ ಕಾನ್ವೆಂಟಿನ ಸಿಸ್ಟರ್ ಆಗ್ನೆಸ್ ಕೇಳಿದ್ದರೆ ಮಂಡಿಯೂರಿಸುತ್ತಿದ್ದರು. ಆದರೆ ಟೈರಿನ ವಿಷಯದಲ್ಲಿ ಭಕ್ತಿಯುಳ್ಳವನು.

ಟೈರಿನ ಪ್ರಶ್ನೆ ಎದ್ದದ್ದು ಹೀಗೆ. ಒಂದು ರೇಸು ಇತ್ತು. ದೊಡ್ಡಉಳ್ಳಾರ್ತಿ ಕಡೆಯ ಕಾವಲಿನಲ್ಲಿ, ಅಂದರೆ ಹುಲ್ಲುಬಯಲಿನಲ್ಲಿ ಶುರುವಾಗಿ, ಹೊಲದ ದಾರಿ, ಬಂಡಿಜಾಡು ಹಿಡಿದು, ಮೊಳಕಾಲ್ಮೂರಿನ ಕಲ್ಲುಗುಡ್ಡ ಹತ್ತಿ ಮುಗಿಯುವಂಥದ್ದು. ಮೊದಲ ಮೂವರನ್ನು ದೊಡ್ಡ ತರಬೇತಿ ಕ್ಯಾಂಪಿಗೆ ಆರಿಸಿಕೊಳ್ಳುತ್ತಾರೆ. ನನ್ನ ಮಗ ಮಂಜು, ಅಂದರೆ ಅವಳ ಅಪ್ಪ, ಊಟಕ್ಕೆ ಕೂತಾಗ ತೀರ್ಪು ಕೊಟ್ಟ: “ಇದೊಂದು ರೇಸು. ಮೂವರೊಳಗೆ ಬಂದ್ಯಾ, ನಾನೇ ಕ್ಯಾಂಪಿಗೆ ಬಿಟ್ ಬರ್ತೀನಿ. ಬರ್ಲಿಲ್ವಾ, ಸೈಕಲ್ ಅಟ್ಟದ ಮ್ಯಾಲೆ, ನೀನು ಟ್ಯೂಶನ್ನಿಗೆ.” ಸಿಂಚನ ತಟ್ಟೆ ನೋಡಿಕೊಂಡೇ “ಸರಿಯಪ್ಪ” ಅಂದಳು. ಆ ಹುಡುಗಿ ತಟ್ಟೆ ನೋಡಿಕೊಂಡು ‘ಸರಿ’ ಅಂದರೆ ಒಳಗೆ ಬೆಂಕಿ ಬಿದ್ದಿದೆ ಎಂದು ಅರ್ಥ. ಸೈಕಲ್ಲಿನ ಮುಂದಿನ ಟೈರು ಚೆನ್ನಾಗಿತ್ತು. ಹಿಂದಿನದು ಮಾತ್ರ ನಮ್ಮ ಮಾವನವರ ನೆತ್ತಿಯಂತೆ ಬೋಳಾಗಿತ್ತು. ಹೊಸದೊಂದು ಹಾಕಲೇಬೇಕು. ಯಾವುದು?

ಪೇಟೆಯಲ್ಲಿ ಬಾಷಾ ಅವರ ಸೈಕಲ್ ಅಂಗಡಿಗೆ ನಾನೂ ಹೋದೆ. ಹಠ ಮಾಡಿ ಆಟೋ ಹತ್ತಿದೆ ಎನ್ನುವುದು ಹೆಚ್ಚು ಸರಿ. ಬಾಷಾ ಎರಡು ಟೈರು ತಂದು ಕೌಂಟರಿನ ಮೇಲಿಟ್ಟರು. ಒಂದಕ್ಕೆ ದೊಡ್ಡ ದೊಡ್ಡ ರಬ್ಬರ್ ಹಲ್ಲು, ಮೊಸಳೆಯ ದವಡೆಯನ್ನು ಬಿಚ್ಚಿ ಸುತ್ತಿಟ್ಟ ಹಾಗೆ. ಅದು ಗ್ರಿಪ್ಪಿನ ಟೈರು. ಕಲ್ಲು ಮಣ್ಣನ್ನು ಕಚ್ಚಿ ಹಿಡಿಯುತ್ತದೆ, ಆದರೆ ಭಾರ, ನಿಧಾನ. ಇನ್ನೊಂದರ ನಡುವೆ ಸಣ್ಣ ಹಲ್ಲು, ಅಂಚಿನಲ್ಲಿ ಮಾತ್ರ ಒಂದಿಷ್ಟು ದೊಡ್ಡವು. ಅದು ಸ್ಪೀಡಿನ ಟೈರು. ಸಮನೆಲದಲ್ಲಿ ಹಗುರಾಗಿ ಓಡುತ್ತದೆ, ಕಲ್ಲಿನ ಏರಿನಲ್ಲಿ ಜಾರಬಹುದು. “ಬಾಷಾ, ವಾಟ್ ಡು ಯು ಸೇ? ಕಾವಲಿಗೆ ಸ್ಪೀಡಿಂದೇ ಅಲ್ವಾ?” ಅಂದೆ. “ಬಿಲ್ಕುಲ್ ಅಮ್ಮ, ನೀವ್ ಹೇಳಿದ್ಮ್ಯಾಲೆ ಮುಗೀತು” ಅಂದರು. ಸಿಂಚನ “ಆದ್ರೆ ಗುಡ್ಡದಾಗೆ ಗ್ರಿಪ್ ಬೇಕಲ್ಲ ಭಾಯ್?” ಅಂದಳು. “ಬಿಲ್ಕುಲ್ ಬೇಟಿ, ಗುಡ್ಡಕ್ಕೆ ಗ್ರಿಪ್ಪೇ” ಅಂದರು. ಬಾಷಾ ಯಾವ ಗಿರಾಕಿಯ ಮನಸ್ಸನ್ನೂ ನೋಯಿಸಿದವರಲ್ಲ. ಆದ್ದರಿಂದಲೇ ಅವರ ಅಂಗಡಿಯಿಂದ ಯಾರೂ ಬೇಗ ಮನೆಗೆ ಹೋಗುವುದಿಲ್ಲ. ಕೊನೆಗೆ, ಎರಡನ್ನೂ ಒಯ್ದು ಹಾಕಿ ನೋಡಿ, ಬೇಡದ್ದನ್ನು ವಾಪಸು ತನ್ನಿ ಎಂದರು.

ವಿಷಯ ಅಲ್ಲಿಗೇ ನಿಂತಿದ್ದರೆ ನಮ್ಮ ಮನೆಯ ಪಂಚಾಯಿತಿಯಾಗಿ ಮುಗಿಯುತ್ತಿತ್ತು. ಆದರೆ ಸಿಂಚನ ಆ ಎರಡು ಟೈರಿನ ಫೋಟೋ ತೆಗೆದು ಮೊಳಕಾಲ್ಮೂರಿಗೆ, ತನ್ನ ತಾಯಿಯ ತಾಯಿ ಆಂಜಿನಮ್ಮನವರಿಗೆ ಕಳಿಸಿಬಿಟ್ಟಳು. ನನ್ನ ಬೀಗಿತಿ ಈ ಆಂಜಿನಮ್ಮ ರೇಷ್ಮೆ ಸೀರೆ ನೇಯುವ ಮನೆಯವರು. ಮನೆಮಾತು ತೆಲುಗು, ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು, ನಡುವಿನದ್ದೆಲ್ಲ ಕನ್ನಡ; ನನ್ನನ್ನು ಕರೆಯುವುದು ‘ವದಿನಾ’, ಅಂದರೆ ಅತ್ತಿಗೆ. ನನ್ನ ಮಗ ಅವರ ಮಗಳು ಪದ್ಮಳನ್ನು ಮೆಚ್ಚಿ ಮದುವೆಯಾದಾಗ ನಾವಿಬ್ಬರೂ ಮುಖ ಊದಿಸಿಕೊಂಡೆವು. ಆಮೇಲೆ ಮುಖ ಇಳಿಯಿತು, ಆದರೆ ಪೈಪೋಟಿ ಇಳಿಯಲಿಲ್ಲ. ಹಬ್ಬದಡಿಗೆ, ಮಗುವಿನ ಹೆಸರು, ಮಗುವಿಗೆ ಯಾವ ಎಣ್ಣೆ, ಪ್ರತಿಯೊಂದರಲ್ಲೂ ನಮ್ಮಿಬ್ಬರದು ಎರಡು ಪಕ್ಷ. ಫೋನು ಬಂತು.

“ವದಿನಾ, ಆ ದೊಡ್ಡ ಹಲ್ಲಿಂದೇ ಹಾಕ್ಸ್ರಿ. ನಮ್ಮೂರ ಗುಡ್ಡ ನೋಡೀರಲ್ಲ? ಮೇಕೆನೇ ಜಾರ್ತದೆ.”

“ಆಂಜಿನಮ್ಮ, ಗುಡ್ಡ ಬರೋದು ಲಾಸ್ಟ್‌ನಲ್ಲಿ. ಅದಕ್ಕೂ ಮುಂಚೆ ಉದ್ದಕ್ಕೂ ನಮ್ಮ ಕಾವಲು ಇದೆ, ಟೇಬಲ್ ಇದ್ದ ಹಾಗೆ. ಅಲ್ಲಿ ಹಿಂದೆ ಬಿದ್ದರೆ ಗುಡ್ಡಕ್ಕೆ ಹೋಗಿ ಏನು ಮಾಡೋದು, ವ್ಯೂ ನೋಡೋದಾ?”

“ಟೇಬಲ್ಲು ಕುರ್ಚಿ ನಂಗ್ ಗೊತ್ತಿಲ್ಲ ತಲ್ಲೀ. ರೇಷ್ಮೆ ನುಣುಪಲ್ಲೇ ಬದ್ಕಿರೋಳು ನಾನು. ನುಣುಪಿನ ಮ್ಯಾಲೆ ನಂಬ್ಕೆ ಇಡಬ್ಯಾಡ್ರಿ.”

“ನಾನು ಎಣ್ಣೆ ಮಿಲ್ಲಿನ ಮನೆಯವಳು. ನಮಗೆ ಜಾರಿಕೆಯ ಭಯ ಇಲ್ಲ.”

“ನಿಮ್ಗೆ ಹಲ್ಲಿಲ್ಲ ಅಂತ ಟೈರಿಗೂ ಹಲ್ಲು ಬ್ಯಾಡ ಅಂದ್ರೆ ಹೆಂಗೆ?”

ಇದು ಬಿಲೋ ದಿ ಬೆಲ್ಟ್. ನನ್ನದು ಕಟ್ಟಿಸಿದ ಹಲ್ಲು, ಅವರದು ಇನ್ನೂ ಕಬ್ಬು ಸಿಗಿಯುವ ಸ್ವಂತ ಹಲ್ಲು. ಅದನ್ನು ಅವರು ಯಾವ ಸಂದರ್ಭದಲ್ಲೂ ಮರೆಯಗೊಡುವುದಿಲ್ಲ. ನಾನು “ಗುಡ್ ಡೇ” ಎಂದು ಫೋನಿಟ್ಟೆ. ಹತ್ತು ನಿಮಿಷಕ್ಕೆ ನಾನೇ ಮತ್ತೆ ಮಾಡಿದೆ, ಟೈರಿನ ವಾದದಲ್ಲಿ ಒಂದು ಪಾಯಿಂಟು ಹೊಳೆದಿತ್ತು.

ನನಗೆ ಸ್ಪೀಡಿನ ಹುಚ್ಚು ಯಾಕೆ ಎಂದು ಸೊಸೆ ಪದ್ಮ ಒಮ್ಮೆ ಕೇಳಿದಳು. ಯೋಚಿಸಿದೆ. ಕಾನ್ವೆಂಟಿನಲ್ಲಿ ನಾವು ಎಲ್ಲಿಗೆ ಹೋದರೂ ಇಬ್ಬಿಬ್ಬರಾಗಿ ಕೈಹಿಡಿದು, ಕ್ರೊಕೊಡೈಲ್ ಎಂದು ಕರೆಯುತ್ತಿದ್ದ ಉದ್ದ ಸಾಲಿನಲ್ಲಿ ನಡೆಯಬೇಕಿತ್ತು. ಓಡಿದರೆ “ಯಂಗ್ ಲೇಡಿ, ಈಸ್ ದೇರ್ ಎ ಫೈರ್?” ಎಂದು ಸಿಸ್ಟರ್ ಆಗ್ನೆಸ್ ಕೇಳುತ್ತಿದ್ದರು. ಮದುವೆಯಾದ ಮೇಲೆ ಸೆರಗು, ಆಮೇಲೆ ಸೊಂಟದ ಮೇಲೆ ಮಗು, ಆಮೇಲೆ ಮಂಡಿನೋವು. ನಮ್ಮ ಮನೆಯವರು ಒಂದು ಭಾನುವಾರ ಕಾವಲಿಗೆ ಕರೆದೊಯ್ದು ನನಗೆ ಸೈಕಲ್ ಕಲಿಸಲು ನೋಡಿದ್ದರು. ಹಿಂದಿನಿಂದ ಸೀಟು ಹಿಡಿದುಕೊಂಡು “ಬಿಡ್ತೀನಿ ಕಣೇ, ಬಿಡ್ತೀನಿ” ಅನ್ನುತ್ತಿದ್ದರು, ನಾನು “ಡೋಂಟ್ ಯೂ ಡೇರ್!” ಎಂದು ಕಿರುಚುತ್ತಿದ್ದೆ. ಪಾಪ, ಬಿಡಲೇ ಇಲ್ಲ. ಬಿಟ್ಟಿದ್ದರೆ ಕಲಿಯುತ್ತಿದ್ದೆನೋ ಏನೋ. ಒಟ್ಟಿನಲ್ಲಿ ನಾನು ಜೀವಮಾನದಲ್ಲಿ ಎಲ್ಲಿಗೂ ವೇಗವಾಗಿ ಹೋದವಳಲ್ಲ. ನಮ್ಮ ರಕ್ತದವಳೊಬ್ಬಳು ಆ ಕಾವಲನ್ನು ಹುಲ್ಲು ಮಲಗಿಹೋಗುವ ಹಾಗೆ ಸೀಳಿಕೊಂಡು ಹೋಗಲಿ ಎಂದು ಆಸೆಪಟ್ಟರೆ ತಪ್ಪೇ? ಪದ್ಮಳಿಗೆ ಇಷ್ಟೆಲ್ಲ ಹೇಳಲಿಲ್ಲ. “ಇಟ್ಸ್ ಸಿಂಪಲ್ ಫಿಸಿಕ್ಸ್” ಅಂದೆ.

ರೇಸಿನ ಹಿಂದಿನ ದಿನ ಆಂಜಿನಮ್ಮ ಖುದ್ದಾಗಿ ಬಸ್ಸಿನಲ್ಲಿ ಬಂದಿಳಿದರು. ನೀರು ಕೂಡ ಕುಡಿಯದೆ “ತೋರ್ಸು ಬುಜ್ಜಿ” ಎಂದು ಎರಡೂ ಟೈರನ್ನು ಜಗಲಿಗೆ ತರಿಸಿದರು. ಸೀರೆಯ ಸೆರಗನ್ನು ನೋಡುವ ಹಾಗೆ ಬೆರಳ ನಡುವೆ ಉಜ್ಜಿದರು, ಬೆಳಕಿಗೆ ಹಿಡಿದರು, ಅಂಚು ಮಡಿಸಿ ನೋಡಿದರು. ನಾನೂ ಬಿಡಲಿಲ್ಲ, ಕಡಲೆಕಾಯಿ ಹಸಿಯೋ ಒಣಗಿದೆಯೋ ಎಂದು ನೋಡುವಂತೆ ಉಗುರು ಊರಿ ಒತ್ತಿದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ, ಇಬ್ಬರೂ ತಲೆಯಾಡಿಸಿದೆವು. ಮಂಜು ಬಾಗಿಲಲ್ಲಿ ನಿಂತು ನಗುತ್ತಿದ್ದ: “ಅವ್ವಾ, ಅತ್ತೇರೇ, ಒಂದು ಕೆಲ್ಸ ಮಾಡ್ರಿ. ಟೈರ್ ಬ್ಯಾಡ, ನೀವಿಬ್ರೇ ಹಿಂದೆ ನಿಂತು ಬೈಕೊಂಡ್ ಓಡಿಸ್ರಿ. ಫಸ್ಟ್ ಬರ್ತಾಳೆ.”

ಸಿಂಚನ ಮಾತ್ರ ನಗಲಿಲ್ಲ. ಎರಡನ್ನೂ ಹಾಕಿ ಎರಡೂ ಕಡೆ ಓಡಿಸಿ ನೋಡಿದ್ದಳು. “ಕೇಳ್ರಿ ಇಬ್ರೂ. ಮುಂದಿನ ಚಕ್ರ ಜಾರಿದ್ರೆ ಬೀಳ್ತೀನಿ. ಅದ್ಕೇ ಮುಂದೆ ಗ್ರಿಪ್ ಐತೆ. ಹಿಂದಿಂದು ಜಾರಿದ್ರೆ ಹೆಂಗೋ ಸುಧಾರಿಸ್ಕೋಬೋದು. ಕಾವಲಿನಾಗೆ ಮುಂದಿನ ಗುಂಪು ಬಿಟ್ಟುಹೋದ್ರೆ ಮಾತ್ರ ಮುಗೀತು, ಗುಡ್ಡದಾಗೆ ಹಿಡಿಯಾಕಾಗಲ್ಲ. ಸ್ಪೀಡಿಂದೇ ಹಾಕ್ತೀನಿ.” ಲೇಡಿಯಾದವಳು ಗೆದ್ದಾಗ ಸುಮ್ಮನಿರಬೇಕು ಎಂದು ನಮಗೆ ಕಲಿಸಿದ್ದರು. ಎದ್ದುಹೋಗಿ ಆಂಜಿನಮ್ಮನವರಿಗೆ ಎರಡನೆಯ ಲೋಟ ಕಾಫಿ ತಂದುಕೊಟ್ಟೆ, ಅಷ್ಟೇ. ಅವರು ಅದನ್ನು ಬೈಗುಳದಂತೆ ಸ್ವೀಕರಿಸಿದರು.

ಇನ್ನು ರೇಸಿನ ಬೆಳಿಗ್ಗೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಆಯುಧಪೂಜೆ ನೋಡಿದವರಿಗೆ ಗೊತ್ತು, ಲಾರಿಯಾಗಲಿ ಟ್ರಾಕ್ಟರಾಗಲಿ ತೊಳೆದು, ಟೈರಿಗೆ ಕಡಲೆಕಾಯಿ ಎಣ್ಣೆಯ ಬಟ್ಟೆ ಆಡಿಸಿ, ನೇರಳೆಹಣ್ಣಿನಂತೆ ಮಿರಮಿರ ಮಿಂಚಿಸಿ, ಆಮೇಲೆ ಅರಿಶಿನ ಕುಂಕುಮ ಇಡುವುದು. ಮದುವೆಯಾಗಿ ಬಂದ ವರ್ಷದಿಂದ ನಾನೂ ಹಾಗೇ ಮಾಡಿಕೊಂಡು ಬಂದಿದ್ದೇನೆ. ಶುಭಕಾರ್ಯಕ್ಕೆ ಹೊರಟ ಗಾಡಿ ಒಣ ಟೈರಿನಲ್ಲಿ ಹೊರಡಬಾರದು. ಸಿಂಚನ ಒಳಗೆ ಬಾಳೆಹಣ್ಣು ತಿನ್ನುತ್ತಿದ್ದಾಗ ನಾನು ಅಂಗಳಕ್ಕೆ ಹೋಗಿ, ಖುಷಿಯಲ್ಲಿ ಸಣ್ಣಗೆ ಕಾನ್ವೆಂಟಿನ ಪ್ರಾರ್ಥನೆಯ ಒಂದು ಹಿಮ್ ಗುನುಗುತ್ತಾ, ನನ್ನ ಪಕ್ಷದ ಆ ಹೊಸ ಟೈರಿಗೆ ನಮ್ಮ ಮಿಲ್ಲಿನದೇ ತಾಜಾ ಎಣ್ಣೆ ಹಚ್ಚಿದೆ. ಬರೀ ಪಕ್ಕಕ್ಕಲ್ಲ, ಹಲ್ಲು ಹಲ್ಲಿಗೂ, ಸಂದು ಸಂದಿಗೂ. ಮುಂದಿನ ಟೈರು ಹೇಗೂ ಹಳೆಯದು, ಅದಕ್ಕೆ ಬರೀ ಕುಂಕುಮ ಸಾಕೆಂದುಕೊಂಡೆ. ಎಷ್ಟು ದಿನ ಕೂತು ಗ್ರಿಪ್ಪು ಗ್ರಿಪ್ಪು ಎಂದು ಕೇಳಿದ್ದೆನೋ, ಆ ಗಡ್ಡದ ಹುಡುಗನ ಅಷ್ಟೂ ಪ್ರವಚನ ಆ ಹೊತ್ತಿನಲ್ಲಿ ಎಲ್ಲಿ ಹೋಗಿತ್ತು ಎಂದು ಕೇಳಬೇಡಿ.

ಸಿಂಚನ ಹೊರಬಂದು ಸೈಕಲ್ ಹತ್ತಿ, ಸಿಮೆಂಟಿನ ಅಂಗಳದಲ್ಲಿ ಒಂದೇ ಒಂದು ಸಲ ಜೋರಾಗಿ ತುಳಿದಳು. ಮುಂದಿನ ಚಕ್ರ ಅಲ್ಲೇ ನಿಂತಿತ್ತು, ಹಿಂದಿನದು ಬೇರೆ ಊರಿಗೆ ಹೊರಟಿತು. ತುಳಸಿಕಟ್ಟೆಯ ಪಕ್ಕದಲ್ಲಿ ದಬ್ ಎಂದಳು. ಸದ್ಯ, ಮೊಣಕೈ ತರಚಿದ್ದು ಬಿಟ್ಟರೆ ಏನಿಲ್ಲ. ಕೂತಲ್ಲಿಂದಲೇ ಟೈರು ಮುಟ್ಟಿ, ಬೆರಳು ಮೂಸಿ, ನನ್ನ ಕಡೆ ತಿರುಗಿದಳು.

“ಅಜ್ಜೀ… ಇದು ಒಗ್ಗರಣೆ ಎಣ್ಣೆಯಾ?”

“ಫಿಲ್ಟರ್ಡ್” ಅಂದೆ.

ಹೊತ್ತಾಗುತ್ತಿತ್ತು, ಬೇಡದ ಟೈರು ಹಿಂದಿನ ಸಂಜೆಯೇ ಬಾಷಾ ಅಂಗಡಿಗೆ ವಾಪಸಾಗಿತ್ತು. ಮಂಜು ಕಾರಿನ ಬಾಗಿಲು ತೆಗೆದು ಹಾರ್ನ್ ಹೊಡೆಯುತ್ತಿದ್ದ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಟ್ಟದ ಮೇಲೆ ಆ ಸೈಕಲ್ಲು ತಲೆಕೆಳಗಾಗಿ ಮಲಗಿದ್ದು ಕಣ್ಣಿಗೆ ಕಟ್ಟಿತು. ಇನ್ನು ಆ ತಿರುವಿನಿಂದ ಝರ್ರ್ ಎಂದು ಸದ್ದು ಬರುವುದಿಲ್ಲ, ಅದನ್ನು ನಿಲ್ಲಿಸಿದವಳು ನಾನೇ! ಆಂಜಿನಮ್ಮ ಈಗ ನನ್ನನ್ನು ಹುರಿದು ತಿನ್ನುತ್ತಾರೆ ಎಂದು ಕಾದೆ. ಅವರು ಸೀರೆ ಎತ್ತಿ ಕಟ್ಟಿದರು.

“ಏಡವಕು ಬುಜ್ಜಿ, ಅಳಬ್ಯಾಡ. ಎಣ್ಣೆ ಹಚ್ಚಿದ್ಮ್ಯಾಲೆ ಏನ್ಮಾಡ್ತಾರೆ? ನೀರ್ ಹಾಕ್ತಾರೆ. ಪದ್ಮಾ, ಬಿಸ್ನೀರ್ ತಾ! ವದಿನಾ, ನಿಂತ್ಕಂಡು ನೋಡ್ತೀರೇನು, ಸೀಗೇಪುಡಿ ಎಲ್ಲೈತೆ?”

ನಾವಿಬ್ಬರೂ ಬಚ್ಚಲ ಕಲ್ಲಿನ ಮೇಲೆ ಎದುರುಬದುರು ಕೂತೆವು. ನನ್ನ ಮಂಡಿ ಮಡಚುವುದಿಲ್ಲ ಎಂಬುದು ಡಾಕ್ಟರಿಗೂ ಗೊತ್ತಿರುವ ಸಂಗತಿ, ಅವತ್ತು ಮಡಚಿತು. ಅವರು ಸೀಗೆಪುಡಿ ಕಲಸಿ ಟೈರಿಗೆ ಬಳಿದರು, ನಾನು ತೆಂಗಿನ ನಾರಿನಲ್ಲಿ ಉಜ್ಜಿದೆ. ಅವರು ಚಕ್ರ ತಿರುಗಿಸಿದರು, ನಾನು ನೀರು ಹೊಯ್ದೆ. ಇದೇ ಸಿಂಚನ ಹುಟ್ಟಿದಾಗ, ಇದೇ ಬಚ್ಚಲಿನಲ್ಲಿ, ಅವರು ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ನಾನು ನೀರು ಹಾಕುತ್ತಿದ್ದ ಹಾಗೇ ಇತ್ತು. ಆಗಲೂ ನೀರು ಹೆಚ್ಚು ಬಿಸಿ ಎಂದು ಜಗಳ, ಈಗಲೂ. “ಕಿವಿ ಹಿಂದೆ ಉಜ್ಜಿದ್ರೇನು?” ಎಂದು ಅವರು ಕೇಳಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಅವರು ಮಡಿ ಟವಲಿನಲ್ಲಿ ಟೈರು ಒರೆಸಿ, ದೃಷ್ಟಿ ತೆಗೆದು, ಲಟಿಕೆ ಮುರಿದರು. ಧೂಪ ಹಾಕಲು ಮಾತ್ರ ಮಂಜು ಬಿಡಲಿಲ್ಲ.

ರೇಸನ್ನು ನಾನು ಪೂರ್ತಿ ನೋಡಲಿಲ್ಲ, ಯಾರೂ ನೋಡಲಾಗುವುದಿಲ್ಲ. ಕಾವಲಿನಲ್ಲಿ ಶುರುವಾದದ್ದು ನೋಡಿದೆ. ಬಣ್ಣಬಣ್ಣದ ಹುಡುಗಿಯರ ಗುಂಪು ಧೂಳೆಬ್ಬಿಸಿ ಹೊರಟಿತು. ಕುರಿ ಕಾಯುವವರೂ ಕೋಲೂರಿ ನಿಂತು ನೋಡಿದರು. ಓ, ಐ ಟೆಲ್ ಯೂ! ಆ ಟೈರು ಹಾಡುತ್ತಿತ್ತು. ಮುಂದಿನ ಗುಂಪಿನಲ್ಲೇ ಅಂಟಿಕೊಂಡು ನಮ್ಮವಳು ಹಳದಿ ಹುಲ್ಲಿನ ಆಚೆ ಚುಕ್ಕೆಯಾದಳು. ನಾನು ಕಾರಿನ ಕಿಟಕಿಯಿಂದ ಅರ್ಧ ಹೊರಗೆ ಬಂದು “ಗೋ! ಗೋ!” ಎಂದು ಕಿರುಚಿದೆ, ಸಿಸ್ಟರ್ ಆಗ್ನೆಸ್ ಇದ್ದಿದ್ದರೆ ಬೆಂಕಿ ಎಲ್ಲಿ ಬಿದ್ದಿದೆ ಎಂದು ಕೇಳುತ್ತಿದ್ದರು. ಅಲ್ಲಿಂದ ಮಂಜು ನಮ್ಮನ್ನು ಡಾಂಬರು ರಸ್ತೆಯಲ್ಲಿ ಮೊಳಕಾಲ್ಮೂರಿಗೆ ಒಯ್ದು ಗುಡ್ಡದ ಕೊನೆಯ ಏರಿನ ಬಳಿ ನಿಲ್ಲಿಸಿದ.

ಅವಳು ಬುಡಕ್ಕೆ ಬಂದಾಗ ಐದನೆಯವಳು. ಏರು ಹತ್ತಿದಳು, ಹಿಂದಿನ ಚಕ್ರ ಸುರ್ ಎಂದು ಜಾರಿತು. ಮತ್ತೆ ತುಳಿದಳು, ಮತ್ತೆ ಸುರ್. “ನಿಮ್ ಎಣ್ಣೆ!” ಎಂದು ಆಂಜಿನಮ್ಮ ನನ್ನ ತೋಳು ಹಿಡಿದರು. “ನಿಮ್ಮ ಕಲ್ಲು!” ಎಂದು ನಾನು ಅವರ ತೋಳು ಹಿಡಿದೆ. ದೊಡ್ಡ ಹಲ್ಲಿನ ಟೈರಿನ ಹುಡುಗಿಯೊಬ್ಬಳು ಮುಂದೆ ಕಚ್ಚಿಕಚ್ಚಿ ಹತ್ತುತ್ತಿದ್ದಳು. ಅವಳೂ ನಡುವೆ ನಿಂತುಬಿಟ್ಟಳು. ಆಗ ಸಿಂಚನ ಸರಕ್ಕನೆ ಇಳಿದು, ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಕಲ್ಲಿಂದ ಕಲ್ಲಿಗೆ ಮೇಕೆಯ ಹಾಗೆ ಓಡತೊಡಗಿದಳು. ನಿಂತವಳನ್ನು ದಾಟಿದಳು, ತುಳಿಯಲು ಹೆಣಗುತ್ತಿದ್ದ ಇನ್ನೊಬ್ಬಳನ್ನೂ ದಾಟಿದಳು. ಸ್ಪೀಡೋ ಗ್ರಿಪ್ಪೋ ಎಂದು ಎರಡು ತಾಲ್ಲೂಕಿನ ಎರಡು ಮುದುಕಿಯರು ಕಿತ್ತಾಡಿದ ಆ ಟೈರು, ರೇಸು ತೀರ್ಮಾನವಾದ ಜಾಗದಲ್ಲಿ ನೆಲಕ್ಕೇ ತಾಕಲಿಲ್ಲ. ಗಾಳಿಯಲ್ಲಿ ಸುಮ್ಮನೆ, ಸೀಗೆಯ ವಾಸನೆ ಬೀರುತ್ತಾ, ತಿರುಗಿಕೊಂಡು ಹೋಯಿತು.

ಮೂರನೆಯವಳು. ಮಂಜು ಓಡಿಹೋಗಿ ಮಗಳನ್ನು ಸೈಕಲ್ ಸಮೇತ ತಬ್ಬಿಕೊಂಡ. ಟ್ಯೂಶನ್ನಿನ ಮಾತು ಯಾರೂ ಎತ್ತಲಿಲ್ಲ. ಆಂಜಿನಮ್ಮ ಮಾತ್ರ ಅವಳ ಶೂ ತಿರುಗಿಸಿ ಅಡಿ ನೋಡಿ, “ನೋಡ್ರಿ ವದಿನಾ, ಇದ್ಕೆ ಹಲ್ಲೈತೆ. ಗೆದ್ದಿದ್ದು ಯಾವ್ದು?” ಅಂದರು. ಮಂಜು ಕಾರಿನಲ್ಲಿ ಮಗಳನ್ನು ಕರೆದುಕೊಂಡು ಹೊರಟ, ನಾನು ಆ ದಿನ ಅವರ ಮನೆಯಲ್ಲೇ ಉಳಿದೆ. ಮಗ್ಗದ ಪಕ್ಕದಲ್ಲಿ ಕೂತು ಸಂಜೆಯವರೆಗೂ ಅದೇ ವಾದ ಮಾಡಿದೆವು. ನನ್ನ ನೆನಪಿನಲ್ಲಿ ಅಷ್ಟು ಚಂದದ ಜಗಳ ಇನ್ನೊಂದಿಲ್ಲ.

ದೀಪಾವಳಿಗೆ ಮುಂಚೆ ಆಂಜಿನಮ್ಮ ಹೋಗಿಬಿಟ್ಟರು. ಬೆಳಿಗ್ಗೆ ಎದ್ದು ಕಾಫಿ ಕುಡಿದು, ಗೋಡೆಗೆ ಒರಗಿ ಕೂತವರು ಕೂತಂತೆ. ಹಿಡಿದದ್ದು ಬಿಡದ ಹೆಂಗಸು, ಅಷ್ಟು ಸ್ಪೀಡಾಗಿ ಹೋಗಬಾರದಿತ್ತು. ಅದು ನನ್ನ ಪಕ್ಷದ ಕೆಲಸ. ಹೋದ ವಾರ ಬಾಷಾ ಅಂಗಡಿಗೆ ಹೋಗಿ, ದೊಡ್ಡ ಹಲ್ಲಿಂದೇ ಒಂದು ಕೊಡಿ, ಅದೇ ಒಳ್ಳೆಯದಲ್ವಾ ಎಂದೆ. “ಬಿಲ್ಕುಲ್ ಅಮ್ಮ” ಅಂದರು. ಸಿಂಚನಳಿಗೆ ಅದು ಭಾರವಂತೆ, ಕಾವಲಿನಲ್ಲಿ ಎಳೆಯುತ್ತದಂತೆ. “ಗ್ರಿಪ್ಪಿಗಿಂತ ಇಂಪಾರ್ಟೆಂಟ್ ಯಾವುದೂ ಇಲ್ಲ ಕಣೇ” ಎಂದು ನಾನು ಅವಳಿಗೆ ಪಾಠ ಹೇಳುವುದನ್ನು ಕೇಳಿ ಪದ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

ರೇಸಿನ ಮರುದಿನ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿಗೆ ಆಂಜಿನಮ್ಮನವರೇ ನನ್ನನ್ನು ಬಿಡಲು ಬಂದಿದ್ದರು. ಕಿಟಕಿಯ ಕಂಬಿಯ ಮೇಲಿದ್ದ ನನ್ನ ಕೈಯನ್ನು ಹೊರಗಿನಿಂದ ಗಟ್ಟಿಯಾಗಿ ಹಿಡಿದುಕೊಂಡು, “ಮುಂದಿನ್ಸಲ ನನ್ ಟೈರು. ಹ್ಞೂಂ ಅನ್ರಿ” ಎಂದು ಹಟ ಹಿಡಿದರು. ಬಸ್ಸು ಹೊರಟೇಬಿಟ್ಟಿತು, “ಏ ಯಜಮಾನಿ, ಕೈ ಬಿಡಮ್ಮಾ!” ಎಂದು ಕಂಡಕ್ಟರ್ ಕೂಗಿದ. “ಓಕೆ, ಓಕೆ, ನಿಮ್ಮದೇ!” ಎಂದು ನಾನು ಕಿರುಚಿದ ಮೇಲೆಯೇ ಬಿಟ್ಟದ್ದು. ತಿರುಗಿ ನೋಡಿದೆ. ಧೂಳಿನಲ್ಲಿ ನಿಂತು ತಮ್ಮ ಅಂಗೈಯನ್ನು ಒಮ್ಮೆ ಮೂಸಿ ನೋಡಿ, ಇನ್ನೂ ಹೋಗದ ರಬ್ಬರಿನ ವಾಸನೆಗೆ ಮುಖ ಸಿಂಡರಿಸಿ, ಅದೇ ಕೈಯನ್ನು ನನ್ನ ಕಡೆ ಬೀಸಿದರು. ಎಲ್ಲಾ ಹಲ್ಲೂ ಕಾಣುವ ಹಾಗೆ ನಗುತ್ತಿದ್ದರು.